ಅಟ್ಟದ ಕೆಳಗಿನ ಬಿಯರ್

ಅರಳಗುಪ್ಪೆ
21-11-2024, ಗುರುವಾರ

ಪ್ರೀತಿಯ ಸೊಸೆ ಜೀವಿತಾಳಿಗೆ, ಅತ್ತೆ ಶಿವರುದ್ರಮ್ಮನ ಮನಸಾರೆ ಆಶೀರ್ವಾದಗಳು.

ನಿನ್ನ ಸೊಂಟದ ನೋವು ಈಗ ಹೇಗಿದೆ? ಬಾಣಂತನ ಮುಗಿಯುತ್ತಾ ಬಂತೆಂದು ತಲೆಗೆ ಬಟ್ಟೆ ಕಟ್ಟುವುದನ್ನು ಬಿಟ್ಟುಬಿಡಬೇಡ. ಕಾರ್ತಿಕದ ಚಳಿಗಾಳಿ ಒಮ್ಮೆ ಕಿವಿಗೆ ಹೊಕ್ಕರೆ ಮುದುಕಿಯಾಗುವ ತನಕ ಕಾಡುತ್ತದೆ, ನನ್ನ ಕಿವಿಯೇ ಅದಕ್ಕೆ ಸಾಕ್ಷಿ. ಕೂಸು ಇಂಚರ ಮಗುಚಿಕೊಳ್ಳುವುದನ್ನು ನಿಮ್ಮಮ್ಮ ಕಳಿಸಿದ ವಿಡಿಯೋದಲ್ಲಿ ಮಹಾಂತೇಶ ತೋರಿಸಿದ. ಮೂಗು ನಿಮ್ಮ ಮಾವನದೇ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಈ ಕಾಗದ ತರುವ ನಮ್ಮ ಆಳು ಹುಚ್ಚರಂಗಯ್ಯನ ಕೈಲೇ ಮೊಳಕೆ ರಾಗಿ ಹಿಟ್ಟು ಕಳಿಸಿದ್ದೇನೆ. ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ, ತೆಳ್ಳಗೆ ಸರಿ ಕಾಸಿ, ಎರಡು ಚಮಚದಿಂದ ಶುರುಮಾಡು. ಬಿಯರಿಗೆಂದು ನೆನೆಸಿ ಮೊಳಕೆ ಕಟ್ಟಿದ ರಾಗಿಯಲ್ಲೇ ಮೊದಲು ಮಗುವಿನ ಪಾಲು ತೆಗೆದಿಟ್ಟು, ಉಳಿದದ್ದನ್ನು ಹಂಡೆಗೆ ಹಾಕಿದೆ. ಇದನ್ನು ನಿಮ್ಮಮ್ಮನಿಗೆ ಹೇಳಲೇಬೇಕೆಂದಿಲ್ಲ. ಬೀಗಿತ್ತಿ ಸುನಂದಮ್ಮನವರ ಮಂಡಿನೋವಿಗೆ ನಮ್ಮ ಗಾಣದ ಕೊಬ್ಬರಿ ಎಣ್ಣೆಯೂ ಅದೇ ಚೀಲದಲ್ಲಿದೆ, ಬಿಸಿ ಮಾಡಿ ತಿಕ್ಕಲಿ.

ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಕೊಬ್ಬರಿ ಕೆಟ್ಟ ಸುದ್ದಿ ಕೇಳಿದ ದಿನ ಗಂಡ ಮಹಾಂತೇಶನಿಗೆ ‘ಹಂಗಾದ್ರೆ ಎಲ್ಲಾ ಮಾರ್ಬುಡಿ’ ಎಂದು ಫೋನಿಟ್ಟವಳು ನೀನು. ಆಮೇಲೆ ಅವನು ಮಾಡಿದರೆ ಎತ್ತುವುದಿಲ್ಲ, ನಾನು ಮಾಡಿದರೆ ಮಗು ಮಲಗಿದೆ ಎಂದು ಪಿಸುಗುಟ್ಟುತ್ತೀಯ. ಮಗು ಹಿಂದಿನಿಂದ ಕೇಕೆ ಹಾಕುವುದು ನನಗೆ ಕೇಳಿಸುತ್ತದೆ ಕಣೇ. ನನ್ನ ಮಾತಾದರೆ ನೀನು ತೆಗೆದುಹಾಕುವುದಿಲ್ಲ ಎಂದು ಅಪ್ಪ ಮಗ ಸೇರಿ ತೀರ್ಮಾನ ಮಾಡಿ ನನ್ನನ್ನು ಬರೆಯಲು ಕೂರಿಸಿದ್ದಾರೆ. ಮಹಾಂತೇಶ ತಿಪಟೂರಿನ ಕೊಬ್ಬರಿ ಮಂಡಿಗೆ ಹೋದ. ನಿಮ್ಮ ಮಾವ ಎದುರಿಗೇ ಪೇಪರ್ ಹಿಡಿದುಕೊಂಡು ಕೂತಿದ್ದಾರೆ, ಕನ್ನಡಕ ಮಾತ್ರ ಗೂಟಕ್ಕೆ ನೇತುಹಾಕಿದೆ. ಬರೆದಾದ ಮೇಲೆ ಒಂದು ಸಲ ನೋಡುತ್ತಾರಂತೆ. ನೋಡಲಿ. ಮದುವೆಯಾದಾಗಿನಿಂದ ನಾನು ಬರೆದದ್ದನ್ನು ಓದುವ ಆಸೆ ಅವರಿಗೆ ಬಂದದ್ದು ಇದೇ ಮೊದಲು.

ನನಗೆ ಸಾಕಾಗಿದೆ ಜೀವಿತಾ. ಇದನ್ನು ಯಾರೂ ಹೇಳಿಕೊಟ್ಟು ಬರೆಸುತ್ತಿಲ್ಲ. ನೀನು ಹೆರಿಗೆಗೆ ಹೋದಾಗಿನಿಂದ ನಿನ್ನ ಬಿಯರ್ ಮನೆ ನನ್ನ ಹೆಗಲಿಗೆ ಬಿದ್ದಿದೆ. ಬೆಳಿಗ್ಗೆ ಎದ್ದು ವಿಭೂತಿ ಧರಿಸಿ ಲಿಂಗಪೂಜೆ ಮುಗಿಸಿದವಳು ನೇರ ಹೋಗುವುದು ಅಲ್ಲಿಗೆ. ಕಾಯಿತುರಿ ಫ್ಯಾಕ್ಟರಿಯವರು ಚರಂಡಿಗೆ ಚೆಲ್ಲುವ ಎಳನೀರಿನಂಥ ಆ ಕಾಯಿನೀರನ್ನು ಹುಚ್ಚರಂಗಯ್ಯ ಕ್ಯಾನುಗಳಲ್ಲಿ ತುಂಬಿ ತರುತ್ತಾನೆ. ಬಿಸಿಲೇರುವುದರೊಳಗೆ ಅದು ಹಂಡೆ ಸೇರಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಅವನು ದಾರಿಯಲ್ಲಿ ಟೀ ಕುಡಿಯದೆ ಬರುವವನಲ್ಲ. ಒಲೆಗೆ ಚಿಪ್ಪು ಹಾಕುವುದು, ಬಸಿದ ಮೇಲೆ ಉಳಿಯುವ ರಾಗಿ ಚರಟವನ್ನು ಹಸುಗಳಿಗೆ ಹೊರುವುದು, ಟ್ಯಾಂಕು ಉಜ್ಜುವುದು, ತೊಳೆದ ನೀರನ್ನು ತೆಂಗಿನ ಪಾತಿಗೆ ತಿರುಗಿಸುವುದು. ಏನೂ ವ್ಯರ್ಥವಾಗಬಾರದು ಅತ್ತೆ ಎಂದು ನೀನು ಹೇಳಿ ಹೋದೆ. ವ್ಯರ್ಥವಾಗದ ಹಾಗೆ ನೋಡಿಕೊಳ್ಳುವುದರಲ್ಲಿ ನನ್ನ ಸೊಂಟ ವ್ಯರ್ಥವಾಗಿದೆ. ಮಧ್ಯಾಹ್ನ ಗೋಡೆಗೆ ಒರಗಿದರೆ ಊಟಕ್ಕೆ ಏಳುವುದೂ ಬೇಜಾರು.

ಊರಿನವರ ಬಾಯಿ ಬೇರೆ. ಚರಟ ತಿಂದ ಹಸುಗಳು ಎರಡೂ ಹೊತ್ತು ಚೆನ್ನಾಗಿ ಹಾಲು ಕೊಡುತ್ತಿವೆ, ಅದೂ ತಪ್ಪು. ಡೈರಿಯ ಹತ್ತಿರ ಕೊಲ್ಲಾಪುರಮ್ಮ ಎಲ್ಲರಿಗೂ ಕೇಳುವ ಹಾಗೆ, ‘ಏನ್ ಶಿವರುದ್ರಮ್ಮ, ನಿಮ್ ಹಸ ಓಲಾಡ್ಕಂಡ್ ಬತ್ತೈತಲ್ಲ’ ಎಂದಳು. ಅವಳ ಗಂಡನೂ ದಿನಾ ಹಾಗೆಯೇ ಬರುತ್ತಾನೆ, ಅವನಿಗೆ ನಾವೇನೂ ತಿನ್ನಿಸಿಲ್ಲ ಎಂದೆ. ಅವತ್ತಿನಿಂದ ಮಾತಿಲ್ಲ. ನೀನು ಬಸುರಿಯಾಗಿದ್ದಾಗ ಹೊಟ್ಟೆಯ ಕೂಸಿಗೆ ಲಿಂಗ ಕಟ್ಟಲು ಬಂದ ಅಯ್ಯನವರು ನಮ್ಮ ಮನೆಯ ನೀರನ್ನು ಮುಟ್ಟದೆ ಎದ್ದು ಹೋದದ್ದು ನಿಮ್ಮ ಮಾವನ ಎದೆಯಲ್ಲಿ ಇನ್ನೂ ಕೂತಿದೆ. ಹೊರಗೆ ಹೇಳಿಕೊಳ್ಳುವುದಿಲ್ಲ. ನಾನು ಆ ಬಿಯರನ್ನು ಇವತ್ತಿನವರೆಗೂ ನಾಲಿಗೆಗೆ ಮುಟ್ಟಿಸಿಲ್ಲ, ಮುಟ್ಟಿಸುವುದೂ ಇಲ್ಲ. ಮೂಗು ಹೇಳಿದ್ದನ್ನು ನಂಬುತ್ತೇನೆ. ರುಚಿ ನೋಡು ಎಂದರೆ ಹುಚ್ಚರಂಗಯ್ಯ ಲೋಟ ಪೂರ್ತಿ ಖಾಲಿ ಮಾಡಿ, ‘ಚೆಂದಾಗೈತೆ ಕಣವ್ವ’ ಎನ್ನುತ್ತಾನೆ. ಕೆಟ್ಟುಹೋದ ದಿನವೂ ಅದನ್ನೇ ಹೇಳಿದ. ನೀನು ಹೆಪ್ಪಿನ ಹಾಗೆ ಕಾಪಾಡಿ ಎಂದು ಕೊಟ್ಟುಹೋದ ಯೀಸ್ಟನ್ನು ಮಾತ್ರ ಅವನ ಕೈಗೆ ಬಿಟ್ಟಿಲ್ಲ. ಅದಕ್ಕೆ ಉಣಿಸುವುದು, ತಂಪಿನಲ್ಲಿಡುವುದು ನಾನೇ. ಮೊನ್ನೆ ಕರೆಂಟು ಹೋದಾಗ ಒದ್ದೆ ಗೋಣಿಚೀಲ ಸುತ್ತಿ, ಕೂಸನ್ನು ಕಾದ ಹಾಗೆ ಕಾದೆ.

ಇನ್ನು ಕೊಬ್ಬರಿಯ ವಿಷಯ. ನೀನು ಹಳೆಯ ಕೊಬ್ಬರಿ ಮನೆಯ ನೆಲದಲ್ಲಿ ಹಂಡೆ ಇಡುತ್ತೇನೆ ಎಂದಾಗ ಒಪ್ಪಿದ್ದು ನಿಮ್ಮ ಮಾವನೇ. ಅಟ್ಟದ ಮೇಲೆ ವರ್ಷಪೂರ್ತಿ ಕಾಯಿ ಒಣಗಬೇಕು, ಕೆಳಗೆ ಬೆಂಕಿ ಇದ್ದರೆ ಒಳ್ಳೆಯದೇ ಎಂದರು. ನಾವು ಅತ್ತೆ ಸೊಸೆಯರು ತಲೆತಲಾಂತರದಿಂದ ಅಟ್ಟದ ಕೆಳಗೆ ಹೊಗೆ ಹಾಕಿ ಕಣ್ಣು ಹಾಳು ಮಾಡಿಕೊಂಡವರು, ನಮಗೂ ಅದು ಸರಿಯೆಂದೇ ಕಂಡಿತು. ಮೊದಲ ವರ್ಷ ಕೊಬ್ಬರಿ ಹೇಗೆ ಬಂತೆಂಬುದು ನಿನಗೆ ನೆನಪಿದೆ. ಒಡೆದರೆ ಒಳಗೆ ಹಾಲಿನ ಬಣ್ಣ. ನನ್ನ ಸೊಸೆಯ ಒಲೆ ಎಂದು ನಿಮ್ಮ ಮಾವ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದರು. ಈ ವರ್ಷ ಅಟ್ಟದ ಕಾಯಿ ಇಳಿಸಿದೆವು. ಸುಲಿಯುವವನು ಮೊದಲನೆಯದನ್ನು ಒಡೆದು ಮೂಸಿ ಪಕ್ಕಕ್ಕಿಟ್ಟ. ಎರಡನೆಯದನ್ನೂ ಹಾಗೆಯೇ ಪಕ್ಕಕ್ಕಿಟ್ಟ. ಮೂರನೆಯದನ್ನು ನಿಮ್ಮ ಮಾವನೇ ಒಡೆದರು. ಎಲ್ಲ ಕೌಟು ವಾಸನೆ, ಮೇಲೆ ಬೂಷ್ಟು, ಒಳಗೆ ಕಪ್ಪು. ಹಂಡೆಯ ಹಬೆ ಅಟ್ಟಕ್ಕೆ ಏರಿ ಕಾಯಿಯನ್ನೆಲ್ಲ ಬೆವರಿಸಿಬಿಟ್ಟಿತ್ತು. ವರ್ಷದ ಬೆಳೆಯನ್ನು ಸಿಕ್ಕಿದ ಬೆಲೆಗೆ ಎಣ್ಣೆಗೆ ಸಾಗಿಸಿದೆವು. ಬಿಯರ್ ಮಾಡಿದ ಮನೆಯ ಕೊಬ್ಬರಿ ಎಂದು ಮಂಡಿಯಲ್ಲಿ ನಕ್ಕರಂತೆ. ಮಹಾಂತೇಶ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಇದೆಲ್ಲ ಅವಳು ತಂದಿಟ್ಟದ್ದು ಎಂದ. ನಿನಗೂ ಅದೇ ಬಾಯಲ್ಲಿ ಫೋನ್ ಮಾಡಿದ. ಕೋಪ ಇಳಿದ ಮೇಲೆ ಉಣ್ಣದೆ ಮಲಗಿದ, ಅದೂ ನಿನಗೆ ಗೊತ್ತಿರಲಿ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಹಾಸನದ ಕಡೆಯ ಹೋಟೆಲಿನವರೊಬ್ಬರು ಬಂದು ಹಂಡೆ, ಟ್ಯಾಂಕು, ಬಾಟಲಿ ತೊಳೆಯುವ ಮೆಷಿನ್ನು, ಎಲ್ಲವನ್ನೂ ನೋಡಿಕೊಂಡು ಹೋಗಿದ್ದಾರೆ. ಅಷ್ಟನ್ನೂ ಒಟ್ಟಿಗೆ ಒಯ್ಯುತ್ತಾರಂತೆ. ಸೋಮವಾರ ಬರುತ್ತೇವೆ ಎಂದರು. ಕಾರ್ತಿಕ ಸೋಮವಾರ ಈ ವ್ಯವಹಾರ ಬೇಡವೆಂದು ನಿಮ್ಮ ಮಾವ ಬುಧವಾರಕ್ಕೆ ಹಾಕಿಸಿದ್ದಾರೆ. ಲೈಸೆನ್ಸು ನಿನ್ನ ಹೆಸರಿನಲ್ಲಿದೆ. ನಿನ್ನ ಸಹಿ ಇಲ್ಲದೆ ಒಂದು ಟ್ಯಾಂಕೂ ಜಾಗ ಬಿಟ್ಟು ಅಲುಗುವ ಹಾಗಿಲ್ಲ ಎಂದು ಅಬಕಾರಿ ಆಫೀಸಿನಲ್ಲಿ ಹೇಳಿದರಂತೆ. ಆದ್ದರಿಂದ ನೀನು ಮಂಗಳವಾರವೇ ಮಗುವನ್ನು ಕರೆದುಕೊಂಡು ಬರಬೇಕು. ಮಹಾಂತೇಶ ಕಾರು ತರುತ್ತಾನೆ. ಸಹಿ ಹಾಕಿದ ಮೇಲೆ ಎಲ್ಲ ಮೊದಲಿನ ಹಾಗೆ ಆಗುತ್ತದೆ, ಮನೆ ಮನೆಯ ಹಾಗಿರುತ್ತದೆ, ನೀನು ಮಗುವನ್ನು ನೋಡಿಕೊಂಡು ಆರಾಮಾಗಿರಬಹುದು ಎಂದು ಇವರು ಹೇಳುತ್ತಿದ್ದಾರೆ. ಮನೆಗೆ ಬೇರೆ ಏನೂ ಕೊರತೆಯಿಲ್ಲವೆಂದೂ ಬರೆಯಬೇಕಂತೆ. ಬರೆದಿದ್ದೇನೆ. ನನಗೂ ವಯಸ್ಸಾಯಿತು, ಒಲೆಯ ಮುಂದೆ ನಿಲ್ಲಲು ಆಗುವುದಿಲ್ಲ. ಬೆಂಗಳೂರಿನ ಹೋಟೆಲಿನವರು ಮುಂದಿನ ತಿಂಗಳಿಗೆ ಎಷ್ಟು ಕಳಿಸುತ್ತೀರಿ ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯದೆ ಫೋನನ್ನು ಹುಚ್ಚರಂಗಯ್ಯನಿಗೆ ಕೊಡುತ್ತೇನೆ. ಅವನು ಎಲ್ಲದಕ್ಕೂ ಆಯ್ತು ಸಾರ್ ಎನ್ನುತ್ತಾನೆ.

ಊರಲ್ಲಿ ಬೇರೆ ವಿಶೇಷವಿಲ್ಲ. ಬೂದಿ ಹಸು ಗಬ್ಬವಾಗಿದೆ. ಮಳೆ ಈ ಸಲ ಸರಿಯಾಗಿ ಬಂದು ಮರಗಳು ಚೆನ್ನಾಗಿ ಹೊಂಬಾಳೆ ಬಿಟ್ಟಿವೆ. ಮನೆಯ ಹಳೆಯ ತೊಟ್ಟಿಲು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ, ಇಂಚರಳಿಗೆ ಈಗ ಅದು ಚಿಕ್ಕದಾಗುತ್ತದೋ ಏನೋ. ನಿಮ್ಮಮ್ಮನವರಿಗೂ ಅಪ್ಪನವರಿಗೂ ನಮ್ಮಿಬ್ಬರ ಶರಣು ತಿಳಿಸು. ಮಗುವಿನ ಅಂಗಾಲಿಗೆ ಅಜ್ಜಿಯ ಮುತ್ತು. ನಿನಗೆ ಆಯುಸ್ಸು, ಆರೋಗ್ಯ, ಒಳ್ಳೆಯ ನಿದ್ದೆ ಸಿಗಲಿ.

ಇಂತು ನಿನ್ನ ಅತ್ತೆ,
ಶಿವರುದ್ರಮ್ಮ

ಮತ್ತೆ: ನಿಮ್ಮ ಮಾವ ಓದಿ, ಸರಿಯಾಗಿ ಬರೆದಿದ್ದೀಯ ಎಂದು ಹೇಳಿ ಸ್ನಾನ ಮಾಡಿ ಪೂಜೆಗೆ ಕೂತರು. ಅಂಗೈಯಲ್ಲಿ ಲಿಂಗ ಹಿಡಿದರೆ ಮುಗಿಸುವ ತನಕ ಏಳುವುದಿಲ್ಲ, ಅಷ್ಟರಲ್ಲಿ ಇದನ್ನು ಬರೆದು ಕವರಿಗೆ ಅಂಟು ಹಚ್ಚಬೇಕು. ಅಕ್ಷರ ಓಡಿದರೆ ಬೇಸರ ಮಾಡಬೇಡ.

ಕೊಬ್ಬರಿ ಕೆಟ್ಟದ್ದು ನಿನ್ನ ಒಲೆಯಿಂದಲ್ಲ. ಕುದಿಸುವಾಗ ಮೇಲಿನ ಕಿಟಕಿಗಳು ತೆರೆದೇ ಇರಬೇಕೆಂದು ನೀನು ಎಲ್ಲರಿಗೂ ಹೇಳಿ ಹೋಗಿದ್ದೆ. ಶ್ರಾವಣದಲ್ಲಿ ಎದುರಿನ ಬಸವಣ್ಣನ ಗುಡಿಯಲ್ಲಿ ಪುರಾಣ ಹಚ್ಚಿದರಲ್ಲ, ಕೇಳಲು ಬರುವವರ ಮೂಗಿಗೆ ನಮ್ಮ ಮನೆಯ ವಾಸನೆ ಬಡಿಯಬಾರದೆಂದು ನಿಮ್ಮ ಮಾವ ನಿಂತು ಆ ಕಿಟಕಿಗಳಿಗೆಲ್ಲ ಹಲಗೆ ಹೊಡೆಸಿದರು. ಹಬೆ ಎಲ್ಲಿಗೆ ಹೋಗಬೇಕು ಎಂದು ನಾನು ಕೇಳಿದೆ. ‘ಒಂದ್ ತಿಂಗ್ಳು ಕಣೇ, ಏನಾಗ್ತೈತೆ, ಸುಮ್ಕಿರು’ ಎಂದರು. ಮಹಾಂತೇಶ ಆಗ ಮಂಡಿಯ ಕೆಲಸದ ಮೇಲೆ ಊರೂರು ತಿರುಗುತ್ತಿದ್ದ, ಅವನಿಗೆ ಇದು ಗೊತ್ತಿಲ್ಲ. ಈ ಕಾಗದ ಶುರುಮಾಡುವ ಮೊದಲು, ‘ಕಿಟ್ಕಿ ವಿಷ್ಯ ಬ್ಯಾಡ, ಬುಡು’ ಎಂದರು. ಕೆಟ್ಟವರಲ್ಲ ಅವರು. ತಮ್ಮ ಕೈಯಾರೆ ವರ್ಷದ ಬೆಳೆ ಹಾಳಾಯಿತು ಎಂದು ಬಾಯಿ ಬಿಟ್ಟು ಹೇಳಲು ಆಗುತ್ತಿಲ್ಲ, ಅದಕ್ಕೇ ಆ ಹಂಡೆ ಕಣ್ಣೆದುರಿಂದ ಹೋದರೆ ಸಾಕಾಗಿದೆ. ಇವತ್ತು ಸಂಜೆ ಮಹಾಂತೇಶ ಬಂದ ಕೂಡಲೇ ಅವರ ಎದುರಿಗೇ ಹೇಳುತ್ತೇನೆ. ಏನಾಗುತ್ತದೋ ಆಗಲಿ.

ನನಗೆ ಸಾಕಾಗಿದೆ ಎಂದದ್ದು ನಿಜ. ಒಬ್ಬಳೇ ಮಾಡಿ ಸಾಕಾಗಿದೆ. ನಾನು ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಅತ್ತೆ ಇದು ಸರಿ ಇದೆಯಾ ಸ್ವಲ್ಪ ಮೂಸಿ ನೋಡಿ ಎಂದು ನೀನು ಕೇಳುವ ತನಕ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅದು ಹೋಗುತ್ತದಲ್ಲ ಎಂದು ನನಗೆ ಸಂಕಟವಾಗುತ್ತಿದೆ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಅದಕ್ಕೆ ನನಗೆ ಸುಸ್ತಿಲ್ಲ. ನೀನು ಬಾ. ಕೆಲಸಕ್ಕೆ ಬಾ.

ಒಳಗಿನಿಂದ ಕೆಮ್ಮು ಕೇಳಿಸುತ್ತಿದೆ, ಪೂಜೆ ಮುಗಿಯಿತು. ಅವರು ಎಷ್ಟು ಹೇಳಿದರೂ, ನಾನೇ ಎದುರಿಗೆ ನಿಂತು ಹೇಳಿದರೂ, ಸಹಿ ಮಾತ್ರ ಹಾಕಬೇಡ.