ಸುಣ್ಣ ಹಚ್ಚಿದ ಬುಡಗಳು

ಗೌರಕ್ಕ,

ಇವತ್ತು ನಿನ್ನ ಸೊಸೆ ಲಕ್ಷ್ಮಿಯ ಎದುರು ತಲೆ ತಗ್ಗಿಸಿ ನಿಂತು ಬಂದಿದ್ದೇನೆ. ನೀನಿದ್ದಿದ್ದರೆ ಬೈಯುತ್ತಿದ್ದೆಯೋ, ಇಲ್ಲಾ ಸುಮ್ಮನೆ ನೋಡುತ್ತಿದ್ದೆಯೋ... ಬೈದಿದ್ದರೇ ವಾಸಿ.

ನೀನು ಮೊದಲ ಸಲ ನಮ್ಮೂರ ಗುಂಡುತೋಪಿಗೆ ಬಂದ ದಿನ ನೆನಪಿದೆಯಾ? ತೋಪು ಸರ್ಕಾರದ್ದು. ಕಡಿಯಬಹುದಾದ ಮರದ ಬುಡಕ್ಕೆ ಅರಣ್ಯ ಇಲಾಖೆಯವರು ಸುತ್ತಿಗೆಯಲ್ಲಿ ಮುದ್ರೆ ಹೊಡೆದು ಹೋಗುತ್ತಿದ್ದರು. ಮರ ಹೋದರೂ ಬುಡದಲ್ಲಿ ಮುದ್ರೆ ಉಳಿಯಬೇಕು. ಅದನ್ನು ನೋಡುವ ಕೆಲಸ ಪಕ್ಕದೂರಿನವರದು ಅಂತ ಎರಡೂ ಊರಿನ ಹಿರಿಯರು ಕಟ್ಟುಪಾಡು ಮಾಡಿದ್ದರು. ನಮ್ಮ ತೋಪಿಗೆ ನೀನು, ನಿಮ್ಮ ತೋಪಿಗೆ ನಾನು. ಮುದ್ರೆ ಕಂಡ ಬುಡಕ್ಕೆ, ಸರಿಯಿದೆ ಅನ್ನುವ ಗುರುತಿಗೆ, ನೀನು ನಿನ್ನ ಎಲೆಅಡಿಕೆ ಚೀಲದ ಸುಣ್ಣ ತೆಗೆದು ಹಚ್ಚುತ್ತಿದ್ದೆ.

"ನಮ್ಮೂರೋರ ಮೇಲೆ ನಂಬ್ಕೆ ಇಲ್ವೇನಕ್ಕ?" ಅಂತ ನಾನು ಕುಟುಕಿದ್ದಕ್ಕೆ ನೀನು ನಕ್ಕಿದ್ದೆ. "ಐತೆ ಕಣೆ ಜಯಮ್ಮ. ಆದ್ರೆ ನಿಮ್ಮೂರಲ್ಲಿ ನಂಗೆ ನೆಂಟ್ರಿಲ್ಲ ನೋಡು, ಕಣ್ಣು ಚೆನ್ನಾಗಿ ಕಾಣ್ತದೆ."

ನೀನು ತೀರಿಹೋದ ಮೇಲೆ ಫ್ಯಾಕ್ಟರಿಗಳಿಗೆಂದು ರಸ್ತೆ ಅಗಲ ಮಾಡಲು ಬಂದರು. ತೋಪಿನ ಅಂಚಿನ ಮರ ಕಡಿಯುವ ಕಂಟ್ರಾಕ್ಟು ನನ್ನ ದೊಡ್ಡ ಮಗನಿಗೇ ಸಿಕ್ಕಿತು. ನಿನ್ನ ಜಾಗದಲ್ಲಿ ಬುಡ ನೋಡಲು ಬಂದ ಲಕ್ಷ್ಮಿಯನ್ನು ಬಾಗಿಲಲ್ಲೇ ನಿಲ್ಲಿಸಿದೆ. "ನಿಮ್ಮತ್ತೆ ಕಾಲ ಮುಗೀತು. ನಮ್ಮ ತೋಪು ನಾವೇ ನೋಡ್ಕತೀವಿ" ಅಂದೆ. ಊರೇ ನನ್ನ ಮಾತು ಕೇಳುವಾಗ, ನೆನ್ನೆ ಮೊನ್ನೆ ಬಂದ ಹುಡುಗಿ ನನ್ನ ಮಗನ ಕೆಲಸ ನೋಡುವುದೇ?

ಆ ಮಧ್ಯಾಹ್ನ ನಾನೇ ತೋಪಿಗೆ ಹೋಗಿ ಒಂದಷ್ಟು ಬುಡ ನೋಡುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. "ಅವ್ವ, ನೀನು ನೆಳ್ಳಲ್ಲಿ ಕೂತ್ಕೊ. ಸುಣ್ಣ ಕೊಡು, ನಾನು ಹಚ್ಕಂಡು ಬತ್ತೀನಿ" ಅಂದ ಮಗ. ಕೊಟ್ಟೆ ಗೌರಕ್ಕ. ಮರ ಕಡಿಸುವವನ ಕೈಗೇ ಕೊಟ್ಟೆ. ಹುಣಸೆ ಮರದಡಿ ಕೂತು ಮಜ್ಜಿಗೆ ಬೇರೆ ಕುಡಿದೆ.

ಮೊನ್ನೆ ನಮ್ಮ ತೋಪಿಗೆ ಒಣ ಪುರುಳೆ ಸೌದೆ ಆಯಲು ಬಂದ ಲಕ್ಷ್ಮಿ ಒಂದು ಬುಡದ ಸುಣ್ಣ ಉಜ್ಜಿ, ಜನರ ಮುಂದೆಯೇ ನನ್ನನ್ನು ಕರೆದಳು. "ದೊಡ್ಡಮ್ಮ, ಸುಣ್ಣ ಐತೆ. ಮುದ್ರೆ ಎಲ್ಲೈತೆ, ಒಸಿ ತೋರ್ಸಿ."

"ಸೌದೆ ಕದಿಯಾಕೆ ಬಂದೋಳು ನಂಗೆ ಹೇಳ್ತೀಯಾ?" ಅಂತ ಕೂಗಿದೆ. ಅವಳು ಮುಂದಿನ ಬುಡದ ಹತ್ತಿರ ಹೋಗಿ ನಿಂತಳು. ಅದರಲ್ಲೂ ಮುದ್ರೆ ಇಲ್ಲ. ಅದರಾಚೆಯದರಲ್ಲೂ... ರಸ್ತೆಗೆ ಸಂಬಂಧವೇ ಇಲ್ಲದ, ಒಳಗಿನ ಹೊಂಗೆ ಮರಗಳು. ಅವಳಿಗೆ ಅಂದ ಮಾತನ್ನು ಎಲ್ಲಿ ಬಚ್ಚಿಡಲಿ?

ಆ ಸಂಜೆ ಮಗ ಹೇಳಿದ: "ಇಲಾಖೆಯೋರು ಕೇಳಿದ್ರೆ ಏನೂ ಗೊತ್ತಿಲ್ಲ ಅಂದ್ಬುಡವ್ವ. ಮನೆ ಮಾನದ ಪ್ರಶ್ನೆ." ಮನೆಯ ಮಾನ! ಅದನ್ನು ಕಾಯುತ್ತೇನೆಂದು ತಾನೇ ಲಕ್ಷ್ಮಿಯನ್ನು ಹೊರಗಿಟ್ಟಿದ್ದು?

ಇವತ್ತು ಪಂಚಾಯ್ತಿ ಸಭೆಯಲ್ಲಿ ಲಕ್ಷ್ಮಿ ನನಗೆ ಕುರ್ಚಿ ಹಾಕಿದಳು. ಕೂರಲಾಗಲಿಲ್ಲ. "ಮುದ್ರೆ ಇಲ್ಲದ ಮರ ಕಡಿಸಿದೋನು ನನ್ನ ಮಗ. ನೋಡಾಕೆ ಬಂದೋಳನ್ನ ತಡೆದೋಳು ನಾನು" ಅಂತ ನಿಂತೇ ಹೇಳಿದೆ. ಇನ್ನು ಮುಂದೆ ನಮ್ಮ ತೋಪಿನ ಕೆಲಸ ಮತ್ತೆ ನಿಮ್ಮೂರಿನವರೇ ನೋಡುತ್ತಾರೆ. ನಾಳಿದ್ದು ಇಲಾಖೆಯವರು ಬಂದಾಗ ಒಳಗಿನ ಬುಡಗಳನ್ನು ನಾನೇ ಮುಂದೆ ನಿಂತು ತೋರಿಸುತ್ತೇನೆ.

ಹೊರಗೆ ಮಗನ ಟ್ರ್ಯಾಕ್ಟರ್ ನಿಂತಿತ್ತು. ಹತ್ತಿಕೊ ಅವ್ವ ಅಂತ ಅವನು ಕರೆಯಲಿಲ್ಲ. ಲಕ್ಷ್ಮಿ ನಮ್ಮ ಬೀದಿಯ ತನಕ ನನ್ನ ಜೊತೆ ನಡೆದು ಬಂದಳು.

ನಿನ್ನ
ಜಯಮ್ಮ