ಬೊಗ್ಗುವಿನ ಪಾದಕ್ಕೆ ಹಚ್ಚಿದ ಎಣ್ಣೆ

ಬೌಷರ್
ಶನಿವಾರ, 10 ಜನವರಿ 2026
ಮಧ್ಯಾಹ್ನ ಹನ್ನೆರಡು ಗಂಟೆ

ಸುಕೇಶ್,

ಕ್ಷೇಮ ವಿಚಾರಿಸುವ ಸ್ಥಿತಿಯಲ್ಲಿ ನಾನಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಮುದ್ದಿನ ನಾಯಿ ಬೊಗ್ಗು ಪ್ರಾಣಿಗಳ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಮಲಗಿದ್ದಾನೆ. ಮೈ ಸೆಟೆದು ಎರಡು ಸಲ ಫಿಟ್ಸ್ ಬಂದಿದೆ. ನಾನು ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ನಮ್ಮಿಬ್ಬರ ಫೋನು ಮೂರನೇ ಮಾತಿಗೆ ಜಗಳವಾಗುತ್ತದೆ. ನೀವು ಸೊಹಾರಿನ ಕಂಪೆನಿ ಕ್ವಾರ್ಟರ್ಸಿಗೆ ಹೋಗಿ ಏಳು ತಿಂಗಳಾದರೂ ಆ ಅಭ್ಯಾಸ ಮಾತ್ರ ತಪ್ಪಿಲ್ಲ. ಇದನ್ನು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ.

ನಿನ್ನೆ ನೀವು ಅವನನ್ನು ಕರೆದೊಯ್ಯಲು ಬಂದು, ಬೀಗ ನೋಡಿ ಹಿಂದೆ ಹೋದಿರಿ. ಆಫೀಸಿನವರ ಟ್ರಿಪ್ ಕೊನೇ ಗಳಿಗೆಯಲ್ಲಿ ಗೊತ್ತಾಯಿತು, ತಿಳಿಸಲಾಗಲಿಲ್ಲ. ಜೊತೆಗೆ ಕೆಲಸ ಮಾಡುವ ಲಿಲ್ಲಿಯ ಕಾರಿನಲ್ಲಿ ಬೊಗ್ಗುವನ್ನೂ ಕರೆದುಕೊಂಡು ಜಬಲ್ ಶಮ್ಸ್‌ಗೆ ಹೋದೆವು. ಈ ಗಲ್ಫಿನಲ್ಲಿ ಜನವರಿಯಲ್ಲೂ ಫ್ಯಾನ್ ಹಾಕಿ ಮಲಗುವ ನನಗೆ ಆ ಬೆಟ್ಟದ ಚಳಿಯ ಅಂದಾಜೇ ಇರಲಿಲ್ಲ. ಇವತ್ತು ಬೆಳಗ್ಗೆ ಕಲ್ಲುಗಳ ಮೇಲೆಲ್ಲ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಬೊಗ್ಗು ಒಂದು ಸುತ್ತು ಓಡಿ ಬಂದವನೇ ಮುಂಗಾಲೆತ್ತಿ ನಿಂತ. ಪಾದದ ಮೆತ್ತೆ ಬಿರಿದು ರಕ್ತ ಒಸರುತ್ತಿತ್ತು.

ಪಾದ ಬಿರಿದರೆ ಏನು ಮಾಡಬೇಕೆಂದು ನೀವು ಹೋಗುವಾಗ ಹೇಳಿದ್ದನ್ನು ಮರೆತಿರಲಿಲ್ಲ. ಉಗುರು ಬೆಚ್ಚಗಿನ ನೀರಲ್ಲಿ ತೊಳೆದೆ, ಬೆರಳ ಸಂದಿಯನ್ನೂ ಒರೆಸಿದೆ. ಬರೀ ತೆಂಗಿನೆಣ್ಣೆ ಸಾಕು ಅಂದಿದ್ದಿರಿ. ನನಗೆ ಅಷ್ಟರಲ್ಲಿ ಸಮಾಧಾನವಾಗಲಿಲ್ಲ. ಊರಲ್ಲಿ ಮಕ್ಕಳ ಎದೆಗೆ ಹಚ್ಚುತ್ತೇವಲ್ಲ, ಕರ್ಪೂರ ಹಾಕಿ ಕಾಯಿಸಿದ ಎಣ್ಣೆ, ಅದರ ಬಾಟಲಿ ಬ್ಯಾಗಿನಲ್ಲಿತ್ತು. ನಾಲ್ಕೂ ಪಾದಕ್ಕೆ ಧಾರಾಳವಾಗಿ ತಿಕ್ಕಿ, ಲಿಲ್ಲಿಯ ಉಣ್ಣೆಯ ಸಾಕ್ಸ್ ಹಾಕಿದೆ. ಎಂತ ಮಾರಾಯ್ತಿ, ನಾಯಿಗೆ ಬಾಣಂತನವಾ ಎಂದು ಲಿಲ್ಲಿ ನಗಾಡಿದಳು. ಕಾರಲ್ಲಿ ಅವನು ಸಾಕ್ಸ್ ಕಿತ್ತು ಬಿಸಾಡಿ ಪಾದ ನೆಕ್ಕುತ್ತಾ ಕೂತ. ಬೆಟ್ಟ ಇಳಿದು ನಿಝ್ವಾ ಪೇಟೆ ತಲುಪುವ ಮೊದಲೇ ನಡುಕ ಶುರುವಾಯಿತು.

ಡಾಕ್ಟರಮ್ಮ ಮೂರು ಸಲ ಹೊರಗೆ ಬಂದು ಕೇಳಿದರು: ಏನು ತಿಂದ, ಇಲಿ ಪಾಷಾಣವೇ, ಯಾರದಾದರೂ ಮಾತ್ರೆಯೇ? ಕಾರಣ ತಿಳಿಯದೆ ತಾನು ಕತ್ತಲಲ್ಲಿ ಕೈಯಾಡಿಸುತ್ತಿದ್ದೇನೆ, ಹೊತ್ತು ಮೀರುತ್ತಿದೆ ಅಂದರು. ಬ್ರೆಡ್ಡು ಬಿಟ್ಟು ಏನೂ ತಿಂದಿಲ್ಲ ಎಂದು ಮೂರು ಸಲವೂ ಆಣೆ ಹಾಕಿದೆ. ಜಿಡ್ಡು ಕಾಲು ನೋಡಿ ಅಸಹ್ಯಪಟ್ಟಾರೆಂದು, ಒಳಗೆ ಕೊಡುವ ಮೊದಲು ಅವನ ಪಾದಗಳನ್ನೂ ಬಾಯಿಯನ್ನೂ ಪರಿಮಳದ ಒದ್ದೆ ಟಿಶ್ಯೂವಿನಿಂದ ಚೆನ್ನಾಗಿ ಒರೆಸಿಯೇ ಕೊಟ್ಟಿದ್ದೆ.

ಒಳಗಿನಿಂದ ಮತ್ತೆ ಅದೇ ಸದ್ದು, ಉಗುರು ಮೇಜಿಗೆ ಬಡಿಯುವುದು. ಮೂರನೇ ಸಲ.

ಸುಕೇಶ್, ಬರೆದದ್ದನ್ನು ಈಗ ಓದಿ ನೋಡಿದೆ. ತಿಂದಿಲ್ಲ, ನೆಕ್ಕಿದ್ದಾನೆ. ಅಯ್ಯೋ ದೇವರೇ, ನಾನೇ ಹಚ್ಚಿದ್ದು. ಒಳಗೆ ಓಡುತ್ತೇನೆ.

ಸೌಮ್ಯಶ್ರೀ

ತಾ.ಕ.: ಈಗ ನಾಲ್ಕು ಗಂಟೆ. ಎಲ್ಲ ಹೇಳಿದೆ. ಕರ್ಪೂರ ನಾಯಿಗೆ ವಿಷವಂತೆ. ಡಾಕ್ಟರಮ್ಮ ಕೂಡಲೇ ಪಾದಗಳನ್ನು ಸೋಪಿನಲ್ಲಿ ತೊಳೆಸಿ ಮದ್ದು ಬದಲಿಸಿದರು. ಎರಡು ಗಂಟೆಯಿಂದ ಫಿಟ್ಸ್ ಬಂದಿಲ್ಲ. ನಾಳೆ ಬೆಳಗಿನ ತನಕ ಹೀಗೇ ಇದ್ದರೆ ಉಳಿಯುತ್ತಾನಂತೆ, ಅದಕ್ಕಿಂತ ಹೆಚ್ಚು ಭರವಸೆ ಕೊಡಲಿಲ್ಲ.

ಇನ್ನೊಂದು ಸುಳ್ಳು ಬಾಕಿ ಇದೆ. ಆಫೀಸಿನ ಟ್ರಿಪ್ ಇರಲೇ ಇಲ್ಲ. ನೀವು ಶುಕ್ರವಾರ ಬರುತ್ತೀರೆಂದು ಗೊತ್ತಿದ್ದೇ, ಲಿಲ್ಲಿಯನ್ನು ಕಾಡಿ ಬೇಡಿ, ಅವನನ್ನು ಕಾರಿಗೆ ಹತ್ತಿಸಿದೆ. ಈ ನಾಯಿಯನ್ನು ಕೊಂಡುಹೋಗಿ ಎಂದು ಏಳು ತಿಂಗಳು ಕಿರುಚಿದವಳು ನಾನೇ, ಹೌದು. ಆದರೆ ಅವನೂ ಹೋದರೆ, ಈ ಮನೆಗೆ ಬರಲು ನಿಮಗೆ ಕಾರಣವೇ ಉಳಿಯುತ್ತಿರಲಿಲ್ಲ.