ಸೆರಗು ಮೇಲೆ

೧೨ ಫೆಬ್ರುವರಿ ೨೦೧೯, ಮಂಗಳವಾರ. ಬೆಟಗೇರಿ.

ಹಿತ್ತಲಿನ ದೊಡ್ಡ ಗಾಜಿನ ಬಾಗಿಲಿಗೆ ಎಂಥ ಪರದೆ ಎಂಬ ತಲೆನೋವು ಅಂತೂ ಮುಗಿಯಿತು. ಗದಗಿನ ಅಂಗಡಿಯಲ್ಲಿ ನೋಡಿದ್ದೆಲ್ಲ ಆಸ್ಪತ್ರೆಯ ಪರದೆಯಂತೆ ಕಂಡಿತ್ತು. ಇವತ್ತು ಅತ್ತೆ ಒಂದು ಸೀರೆ ತಂದರು. ಮಗ್ಗ ಬಿಚ್ಚುವ ಮುನ್ನ ತಾವೇ ನೇಯ್ದ ಕೊನೆಯ ಸೀರೆ. ಒಮ್ಮೆಯೂ ಉಟ್ಟಿಲ್ಲ. ತಾವೇ ಕತ್ತರಿ ಹಿಡಿದು ಎರಡು ತುಂಡು ಮಾಡಿದರು. ಬೇಡವೆಂದು ನಾನು ಕೈ ಚಾಚುವಷ್ಟರಲ್ಲಿ ಕತ್ತರಿ ಆಚೆ ಅಂಚು ದಾಟಿತ್ತು.

ಕೆಂಪು ಸೆರಗು ಕೆಳಗಿದ್ದರೆ ಚೆಂದ ಎಂದು ಹಾಗೇ ಹೊಲಿದು ತೂಗುಹಾಕಿದೆ.

“ವನಿತಾ, ಸೆರಗ ನೆಲಕ್ಕ ಬಿಡ್ತಾರೇನವಾ? ಕಾಲಾಗ ಬರತೈತಿ. ಮ್ಯಾಲ ಮಾಡು.”

“ಅತ್ತೀ, ಇದೀಗ ಪರದೆ ಆತಲ್ರಿ!”

“ಕತ್ತರಿಸಿದ್ರ ಸೆರಗ ಸೆರಗಲ್ಲೇನು?”

ಹಟಮಾರಿ ಮುದುಕಿ ಎಂದು ಗೊಣಗುತ್ತಲೇ ಹೊಲಿಗೆ ಬಿಚ್ಚಿ, ತಿರುಗಿಸಿ ಹಾಕಿದೆ.

ಸಂಜೆಯ ಇಳಿಬಿಸಿಲು ಬಾಗಿಲಿಗೆ ಬಿತ್ತು. ಅತ್ತೆ ಎದುರಿನ ಗೋಡೆಗೊರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮೇಲಿನ ಸೆರಗಿನ ಕೆಂಪು ಅಷ್ಟು ದೂರ ಹಾದು ಬಂದು ಅವರ ನರೆತ ತಲೆಗೆ ಹೊದಿಸಿದಂತೆ ಬಿದ್ದಿತ್ತು. ಅವರಿಗೆ ಗೊತ್ತೇ ಇಲ್ಲ.

ನಾನು ಹೇಳಲಿಲ್ಲ. ಹೇಳಿದ್ದರೆ ನಾಚಿ ಎದ್ದುಬಿಡುತ್ತಿದ್ದರು. ಒಮ್ಮೆಯೂ ಉಡದ ಸೀರೆಯನ್ನು ಇವತ್ತು ತಲೆತುಂಬ ಹೊದ್ದು ಕೂತಿದ್ದರು.